ಮರಳಿ ಬರೆಯಬಲ್ಲ ಲೆಕ್ಕ

ಊರಿನ ಸಹಕಾರಿ ಸೊಸೈಟಿಯಲ್ಲಿ ಒಬ್ಬಾಕೆ 50,000 ರೂಪಾಯಿ ಠೇವಣಿ ಇಟ್ಟಿದ್ದಾರೆ ಎಂದುಕೊಳ್ಳೋಣ. ಆ ಹಣ ಈಗ ಎಲ್ಲಿದೆ? ತಿಜೋರಿಯಲ್ಲಂತೂ ಇಲ್ಲ. ಯಾರದೋ ಹೊಲಕ್ಕೆ ಬೀಜ, ಗೊಬ್ಬರವಾಗಿ, ಇನ್ಯಾರದೋ ಕೊಟ್ಟಿಗೆಯ ಎಮ್ಮೆಯಾಗಿ, ಮತ್ತೊಬ್ಬರ ಮಗಳ ಕಾಲೇಜು ಫೀಜಾಗಿ ಅದು ಊರೆಲ್ಲ ಹಂಚಿಹೋಗಿದೆ. ಸಾಲ ತೀರಿದಾಗ ಬರುತ್ತದೆ, ಬಂದ ಹಾಗೇ ಮತ್ತೊಬ್ಬರ ಕೈಗೆ ಹೋಗುತ್ತದೆ. ಹಾಗಾದರೆ ಇದು ಆಕೆಯದು ಎಂದು ಬೆರಳಿಟ್ಟು ತೋರಿಸಬಹುದಾದದ್ದು ಏನು? ಸೊಸೈಟಿಯ ಪುಸ್ತಕದಲ್ಲಿ ಆಕೆಯ ಹೆಸರಿನೆದುರು ಬರೆದಿರುವ ಒಂದು ಸಾಲು, ಅಷ್ಟೆ. ಆ ಸಾಲೇ ಠೇವಣಿ. ಅದು ಅಳಿಸಿಹೋದರೆ ಠೇವಣಿಯ ಗುರುತು ಹೋಯಿತು ಎನ್ನುವುದು ಅರ್ಧ ಸತ್ಯ, ಠೇವಣಿಯೇ ಹೋಯಿತು.

ಕಟ್ಟಡ ಸುಟ್ಟರೆ ಮತ್ತೆ ಕಟ್ಟಬಹುದು, ಸರಕು ಸುಟ್ಟರೆ ವಿಮೆ ಕೇಳಬಹುದು. ಲೆಕ್ಕ ಹೋದಾಗ ಮಾತ್ರ ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದೇ ಹೋಗುತ್ತದೆ. ಎಷ್ಟು ಸರಕು ಸುಟ್ಟಿತು ಎಂದು ವಿಮೆಯವರಿಗೆ ಹೇಳಲೂ ಲೆಕ್ಕವೇ ಬೇಕು. ಬ್ಯಾಕಪ್, ವಿಪತ್ತಿನ ನಂತರದ ಚೇತರಿಕೆ ಎಂಬ ಮಾತುಗಳನ್ನು ನಾವು ಕಂಪ್ಯೂಟರ್ ವಿಭಾಗದವರ ಕೆಲಸವೆಂದು ಬಿಟ್ಟುಬಿಟ್ಟಿದ್ದೇವೆ. ನನಗೆ ಅವು ಮೊದಲಿಗೆ ಋಣದ ಮಾತುಗಳಾಗಿ ಕಾಣುತ್ತವೆ. ಒಂದು ವ್ಯವಹಾರದ ಡೇಟಾದಲ್ಲಿ ಆ ವ್ಯವಹಾರಕ್ಕೆ ಸೇರಿದ್ದು ಎಷ್ಟು, ಅದನ್ನು ನಂಬಿ ಬಂದವರಿಗೆ ಸೇರಿದ್ದು ಎಷ್ಟು ಎಂದು ಕೇಳಿಕೊಂಡರೆ, ಎರಡನೆಯದೇ ಹೆಚ್ಚು.

ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1904ರ ಸಹಕಾರ ಕಾಯ್ದೆಯ ಅಡಿ ದೇಶದಲ್ಲೇ ಮೊದಲನೆಯದೆಂದು ಹೆಸರಾದ ಸಂಘ ಅದು. ಅಂಥ ಸಂಘಗಳು ದಶಕಗಟ್ಟಲೆ ಕಾಗದದ ಮೇಲೆ ಲೆಕ್ಕ ಬರೆದವು, ಮತ್ತು ಬರೆಯುವ ಕ್ರಮದಲ್ಲೇ ರಕ್ಷಣೆಯ ಒಂದು ವಿವೇಕವಿತ್ತು. ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲೇ ಕಿರ್ದಿಗೆ ಇಳಿಯುತ್ತಿತ್ತು. ಅಲ್ಲಿಂದ ಒಬ್ಬೊಬ್ಬರ ಹೆಸರಿಗೆ ಬಿಡಿಸಿ ಖಾತೆಗೆ ಏರಿಸುತ್ತಿದ್ದರು. ಖಾತೆ ಪುಸ್ತಕಕ್ಕೆ ಗೆದ್ದಲು ಹಿಡಿದರೂ ಕಿರ್ದಿ ಇದ್ದರೆ, ಮೊದಲ ದಿನದಿಂದ ಕುಳಿತು ಖಾತೆಯನ್ನು ಮತ್ತೆ ಬರೆಯಬಹುದಿತ್ತು. ಕಿರ್ದಿಯೂ ಹೋದರೆ? ಸದಸ್ಯರ ಮನೆಗಳಲ್ಲಿ, ಟ್ರಂಕಿನ ತಳದಲ್ಲಿ, ಪಾಸ್‌ಬುಕ್‌ಗಳಿದ್ದವು. ಪ್ರತಿ ಸಾಲಿಗೂ ಕಾರ್ಯದರ್ಶಿಯ ಸಹಿ. ಆ ಸಾಲು ಉಳಿಯಬೇಕೆಂದು ಯಾರಿಗೆ ಎಲ್ಲರಿಗಿಂತ ಹೆಚ್ಚು ಅನಿಸುತ್ತದೋ ಅವರ ಕೈಯಲ್ಲೇ ಅದರ ಒಂದು ಪ್ರತಿ.

ಇಂದಿನ ಡೇಟಾಬೇಸ್‌ಗಳ ಒಳಗೂ ಇದೇ ವಿವೇಕ ಇದೆ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಯಾವ ಬದಲಾವಣೆಯನ್ನಾದರೂ ಮೊದಲು ಲಾಗ್‌ನಲ್ಲಿ ದಾಖಲಿಸುತ್ತದೆ, ಆಮೇಲೆ ಮುಖ್ಯ ಕಡತಕ್ಕೆ ಏರಿಸುತ್ತದೆ. ನಡುವೆ ಕರೆಂಟು ಹೋದರೆ ಆ ಲಾಗನ್ನು ಓದಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕಿರ್ದಿಯಿಂದ ಖಾತೆ ಕಟ್ಟುವ ಕೆಲಸವೇ ಇದು. ಕಾಗದದಿಂದ ಕಂಪ್ಯೂಟರಿಗೆ ಬರುವಾಗ ನಾವು ಕಳೆದುಕೊಂಡದ್ದು ಕಿರ್ದಿಯನ್ನಲ್ಲ, ಟ್ರಂಕಿನ ತಳದ ಪಾಸ್‌ಬುಕ್ಕನ್ನು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯ ಕೆಲಸ, ತಿದ್ದಿ ಬರೆದ ಲೆಕ್ಕಗಳಿಂದ ನೊಂದ ರೈತರು ಕಡಿಮೆಯಿಲ್ಲ. ಆದರೆ ಸದಸ್ಯರ ಮೊಬೈಲಿನಲ್ಲಿ ಕಾಣುವ ಬಾಕಿ ಮೊತ್ತ ಎರಡನೆಯ ಪ್ರತಿಯಲ್ಲ. ಸೊಸೈಟಿಯ ಪರದೆಗೂ ಸದಸ್ಯರ ಪರದೆಗೂ ಅಂಕಿ ಬರುವುದು ಒಂದೇ ಸರ್ವರ್‌ನಿಂದ. ಅದು ನಿಂತರೆ ಎರಡೂ ಕಡೆ ಕತ್ತಲೆ.

2024ರ ಜುಲೈ ಕೊನೆಯಲ್ಲಿ ಇದು ಸ್ವಲ್ಪ ಮಟ್ಟಿಗೆ ಕಣ್ಣಿಗೆ ಬಿತ್ತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ಮೇಲೆ, ಡೇಟಾಕ್ಕೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಆ ಸಂಸ್ಥೆಯೊಂದಿಗಿನ ಕೊಂಡಿಯನ್ನೇ ಕಡಿದಿಟ್ಟಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು ಹಣ ಕಳಿಸಲಾಗದೆ ಕುಳಿತರು. ಬೇಗ ಸರಿಹೋಯಿತು. ಆದರೂ 300 ಊರಂಗಳದ ಬೇರೆಬೇರೆ ತಿಜೋರಿಗಳಿಗೆ ಎಲ್ಲೋ ಒಂದು ಸಮಾನ ಬೀಗವಿದೆ ಎಂಬುದು ಆ ಗ್ರಾಹಕರಿಗೆ ಹೊಸ ಸುದ್ದಿಯಾಗಿತ್ತು.

ಕಣಗಿನಹಾಳವಿರುವ ಗದಗ ಜಿಲ್ಲೆಯಲ್ಲೇ ಲಕ್ಕುಂಡಿಯೂ ಇದೆ, ಅತ್ತಿಮಬ್ಬೆಯ ಲಕ್ಕುಂಡಿ. ಪ್ರತಿ ಮಾಡುವುದೆಂದರೆ ಏನು ಎಂದು ಯೋಚಿಸುವ ಕನ್ನಡಿಗರು ಆಕೆಯನ್ನು ದಾಟಿ ಮುಂದೆ ಹೋಗಲಾಗದು. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಆಕೆ ಕವಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು. ಅದೇ ಪೊನ್ನ ಭುವನೈಕರಾಮಾಭ್ಯುದಯ ಎಂಬ ಕಾವ್ಯವನ್ನೂ ಬರೆದಿದ್ದ. ಅದು ನಮಗೆ ಸಿಕ್ಕಿಲ್ಲ. ಆಕೆಯ ಆಶ್ರಯದಲ್ಲಿ ಅಜಿತಪುರಾಣ ಬರೆದ ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳೂ ಸಿಕ್ಕಿಲ್ಲ. ಸಾವಿರ ಪ್ರತಿ ಮಾಡಿಸಿದ್ದರಿಂದಲೇ ಶಾಂತಿಪುರಾಣ ಉಳಿಯಿತು ಎಂದು ಪ್ರಮಾಣ ಮಾಡಿ ಹೇಳುವ ಹಾಗಿಲ್ಲ. ಕಾಲದ ಕೈಯಲ್ಲಿ ಅದೃಷ್ಟವೂ ಇರುತ್ತದೆ. ಆದರೆ ಆಕೆಯ ಕೆಲಸದ ಎರಡು ಅಂಶಗಳು ಇಂದಿನ ಯಾವ ಸಂಸ್ಥೆಗೂ ಪಾಠವಾಗಬಲ್ಲವು ಎಂದು ನಂಬುತ್ತೇನೆ. ಮೊದಲನೆಯದು, ಅಳಿಯುವ ಮುಂಚೆಯೇ ಅಳಿವನ್ನು ಒಪ್ಪಿಕೊಂಡದ್ದು. ಗರಿ ಬಿರಿಯುತ್ತದೆ, ಹುಳು ತಿನ್ನುತ್ತದೆ, ಮಠಕ್ಕೆ ಬೆಂಕಿ ಬೀಳಬಹುದು. ಇದು ನಮಗಾಗದು ಎಂಬ ಭ್ರಮೆ ಆಕೆಗಿರಲಿಲ್ಲ. ಎರಡನೆಯದು, ಆಕೆ ಪ್ರತಿಗಳನ್ನು ಒಂದು ಕೋಣೆಯಲ್ಲಿ ಪೇರಿಸಿ ಬೀಗ ಹಾಕಲಿಲ್ಲ. ಶಾಸ್ತ್ರದಾನವೆಂದು ಓದುವವರ ಕೈಗೆ ಕೊಟ್ಟಳು. ಓದುವವರ ಕೈಯಲ್ಲಿರುವ ಪ್ರತಿಯಲ್ಲಿ ಒಂದು ಗರಿ ಕಾಣೆಯಾದರೆ ಅದು ಗೊತ್ತಾಗುತ್ತದೆ. ಯಾರೂ ಬಿಚ್ಚದ ಕಟ್ಟಿನಲ್ಲಿ ಹುಳು ಹಿಡಿದದ್ದು ಬಿಚ್ಚಿದ ದಿನವೇ ತಿಳಿಯುವುದು.

ಬಿಚ್ಚಿದ ದಿನ ತಿಳಿದದ್ದಕ್ಕೆ ನಮ್ಮ ಕಾಲದ ದೊಡ್ಡ ಸಾಕ್ಷಿ ಗಿಟ್‌ಲ್ಯಾಬ್. ಜಗತ್ತಿನ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ಅದು. 2017ರ ಜನವರಿ 31ರ ರಾತ್ರಿ, ಹೊತ್ತಲ್ಲದ ಹೊತ್ತಿನಲ್ಲಿ ತೊಂದರೆಯೊಂದನ್ನು ಬಗೆಹರಿಸಲು ಕುಳಿತಿದ್ದ ಒಬ್ಬ ಎಂಜಿನಿಯರ್ ಎರಡನೆಯ ಸರ್ವರ್‌ನಲ್ಲಿದ್ದೇನೆಂದು ಭಾವಿಸಿ ಮುಖ್ಯ ಸರ್ವರ್‌ನಲ್ಲೇ ಅಳಿಸುವ ಆಜ್ಞೆ ಕೊಟ್ಟರು. ತಿಳಿದು ತಡೆಯಲು ಒಂದೆರಡು ಸೆಕೆಂಡು ಹಿಡಿಯಿತು. ಅಷ್ಟರಲ್ಲಿ ಸುಮಾರು 300 ಜಿಬಿಯ ಡೇಟಾಬೇಸ್‌ನಲ್ಲಿ ಉಳಿದದ್ದು 4.5 ಜಿಬಿ. ಇಲ್ಲಿಯವರೆಗೆ ಇದು ಯಾರಿಗೂ ಆಗಬಹುದಾದ ಕೈತಪ್ಪು. ಕಥೆ ಶುರುವಾಗುವುದು ಆಮೇಲೆ. ಬ್ಯಾಕಪ್‌ಗೆಂದು ಇದ್ದ ಒಂದೊಂದೇ ಬಾಗಿಲನ್ನು ತೆರೆದು ನೋಡಿದರು. ದಿನವೂ ನಡೆಯುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ನಡೆಯುತ್ತಲೇ ಇರಲಿಲ್ಲ. ತಂತ್ರಾಂಶದ ಆವೃತ್ತಿ ಹೊಂದಿಕೆಯಾಗದೆ ಅದು ಸದ್ದಿಲ್ಲದೆ ಸೋಲುತ್ತಿತ್ತು. ಸೋತದ್ದನ್ನು ತಿಳಿಸಬೇಕಾದ ಇ-ಮೇಲ್‌ಗಳು ಸರಿಯಾದ ದೃಢೀಕರಣವಿಲ್ಲವೆಂದು ತಿರಸ್ಕೃತವಾಗುತ್ತಿದ್ದವು. ಇಡೀ ಡಿಸ್ಕಿನ ಆ ಕ್ಷಣದ ಪ್ರತಿ ತೆಗೆಯುವ ಸೌಲಭ್ಯವನ್ನು ಈ ಡೇಟಾಬೇಸ್ ಸರ್ವರ್‌ಗೆ ಹಚ್ಚಿರಲೇ ಇಲ್ಲ. ಐದು ಬಗೆಯ ಏರ್ಪಾಡಿದ್ದೂ ಯಾವುದೂ ನೆಚ್ಚುವಂತಿರಲಿಲ್ಲ ಎಂದು ಸಂಸ್ಥೆಯೇ ಬರೆದುಕೊಂಡಿತು. ಕೊನೆಗೆ ಕಾಪಾಡಿದ್ದು ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮುಂಚೆ ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಅದನ್ನು ಏರಿಸಿ ಸೇವೆ ಮರಳಿಸಲು ಸುಮಾರು 18 ಗಂಟೆ ಬೇಕಾಯಿತು. ಆರು ಗಂಟೆಗಳಲ್ಲಿ ಜನ ದಾಖಲಿಸಿದ್ದ ಬದಲಾವಣೆಗಳು ಹೋದವು.

ಈ ಘಟನೆಯಲ್ಲಿ ನನಗೆ ಗೌರವ ಹುಟ್ಟಿಸುವ ಭಾಗವೂ ಇದೆ. ಸಂಸ್ಥೆ ಬಾಗಿಲು ಮುಚ್ಚಿ ಕೂರಲಿಲ್ಲ. ರಿಪೇರಿಯನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು, ಕೆಲಸದ ಟಿಪ್ಪಣಿಗಳನ್ನು ಎಲ್ಲರೂ ಓದುವಂತೆ ತೆರೆದಿಟ್ಟಿತು, ಆಮೇಲೆ ಬರೆದ ವರದಿಯಲ್ಲಿ ಆ ಎಂಜಿನಿಯರ್ ಹೆಸರು ಹಾಕದೆ ತಂಡದ ಒಬ್ಬ ಸದಸ್ಯ ಎಂದಷ್ಟೇ ಹೇಳಿತು. ಒಬ್ಬನ ಬೆರಳಿನ ಮೇಲೆ ಹೊರಿಸಿದ್ದರೆ ಸೋಲುತ್ತಿದ್ದ ಬ್ಯಾಕಪ್‌ಗಳ ವಿಷಯ ಹೊರಗೆ ಬರುತ್ತಿರಲಿಲ್ಲ. ಯಾರ ತಪ್ಪು ಎಂಬ ಹುಡುಕಾಟ ಮುಗಿಯುವ ಕಡೆ ಏನು ತಪ್ಪಿತು ಎಂಬ ವಿಚಾರಣೆ ಶುರುವಾಗುತ್ತದೆ.

ಹಾಗಾದರೆ ಯಾವ ಪ್ರತಿ ನಿಜವಾದ ಪ್ರತಿ? ಯೋಚಿಸುತ್ತ ಹೋದಂತೆ, ಮೂಲದಿಂದ ದೂರವಿರುವುದೇ ಅದರ ಜೀವಾಳ ಎನಿಸುತ್ತದೆ. ನಮ್ಮ ಅಂಗಡಿ, ಆಫೀಸುಗಳಲ್ಲಿ ಟ್ಯಾಲಿ ಲೆಕ್ಕದ ಬ್ಯಾಕಪ್ಪನ್ನು ಡಿ ಡ್ರೈವ್‌ಗೆ ತೆಗೆದಿಡುವ ರೂಢಿ ಇದೆ. ಸಿ ಮತ್ತು ಡಿ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಪೆನ್‌ಡ್ರೈವ್‌ಗೆ ಹಾಕಿ ಅದೇ ಮೇಜಿನ ಡ್ರಾಯರಿನಲ್ಲಿಟ್ಟರೆ ಡಿಸ್ಕಿನ ಭಯ ಕಳೆಯಿತು, ಬೆಂಕಿ, ನೆರೆಗಳ ಭಯ ಉಳಿಯಿತು. ದೊಡ್ಡವರೂ ಇದನ್ನೇ ಮಾಡಿದ್ದಾರೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಪೂರ್ತಿ ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರಿಗೆ ಏನೂ ಉಳಿಯಲಿಲ್ಲ.

ಇದು ಜಾಗದ ದೂರ. ಕಾಲದ ದೂರವೂ ಬೇಕು. ಮೂಲದಲ್ಲಿ ಆದದ್ದನ್ನೆಲ್ಲ ಆ ಕ್ಷಣವೇ ನಕಲು ಮಾಡುವ ವ್ಯವಸ್ಥೆ ಯಂತ್ರ ಕೆಟ್ಟಾಗ ಉಪಯೋಗಕ್ಕೆ ಬರುತ್ತದೆ. ಆದರೆ ಮೂಲದಲ್ಲಿ ತಪ್ಪಾಗಿ ಅಳಿಸಿದ್ದನ್ನೂ ಅದು ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ನಿನ್ನೆಯ ಸ್ಥಿತಿಯನ್ನು ಇವತ್ತಿನ ತಪ್ಪಿನಿಂದ ಕಾಯುವ ಪ್ರತಿ ಬೇರೆಯಾಗಿಯೇ ಇರಬೇಕು. ಮೂರನೆಯದು ಅಧಿಕಾರದ ದೂರ, ಬಹಳ ಮಂದಿ ಮರೆಯುವುದು ಇದನ್ನೇ. ಮೂಲವನ್ನು ಅಳಿಸಬಲ್ಲ ಪಾಸ್‌ವರ್ಡಿನಿಂದಲೇ ಪ್ರತಿಯನ್ನೂ ಅಳಿಸಬಹುದಾದರೆ, ಆ ಪಾಸ್‌ವರ್ಡ್ ಕದ್ದವನಿಗೆ ಎರಡೂ ಒಂದೇ. ರ‍್ಯಾನ್ಸಮ್‌ವೇರ್ ಹಾಕುವವರು ಮೊದಲು ಹುಡುಕುವುದು ಬ್ಯಾಕಪ್ಪನ್ನು. ಅದು ಸಿಕ್ಕ ಮೇಲೆ ತಾನೆ ಅವರ ಬೇಡಿಕೆಗೆ ಬೆಲೆ.

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಉಕ್ರೇನಿನ ಒಂದು ತೆರಿಗೆ ಲೆಕ್ಕದ ಸಾಫ್ಟ್‌ವೇರ್ ಮೂಲಕ ಹರಡಿ ಹಡಗು ಸಾಗಣೆಯ ದೈತ್ಯ ಸಂಸ್ಥೆ ಮಾರ್ಸ್ಕ್‌ಅನ್ನು ಹೊಕ್ಕಿತು. ಯಾರು ಯಾವ ಯಂತ್ರಕ್ಕೆ ಪ್ರವೇಶ ಪಡೆಯಬಹುದು ಎಂದು ತೀರ್ಮಾನಿಸುವ ಸುಮಾರು 150 ಸರ್ವರ್‌ಗಳು ಅವರಲ್ಲಿದ್ದವು. ಒಂದು ಕೆಟ್ಟರೆ ಮಿಕ್ಕವು ನೋಡಿಕೊಳ್ಳಲೆಂದು ಅವು ಒಂದನ್ನೊಂದು ಸದಾ ನಕಲು ಮಾಡಿಕೊಳ್ಳುತ್ತಿದ್ದವು. ಎಲ್ಲವೂ ಒಮ್ಮೆಗೇ ಹೋಗಬಹುದೆಂಬ ಯೋಚನೆ ಆ ಏರ್ಪಾಡಿನಲ್ಲಿರಲಿಲ್ಲ, ಮತ್ತು ಒಮ್ಮೆಗೇ ಹೋದವು. ಉಳಿದದ್ದು ಘಾನಾದ ಕಚೇರಿಯ ಒಂದೇ ಒಂದು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ ಆ ಯಂತ್ರ ಜಾಲದಿಂದ ಕಳಚಿಕೊಂಡಿತ್ತು. ಅದರ ಡಿಸ್ಕನ್ನು ಬ್ರಿಟನ್ನಿಗೆ ತಲುಪಿಸಬೇಕಿತ್ತು, ಆದರೆ ಘಾನಾದ ಸಿಬ್ಬಂದಿಗೆ ಅಲ್ಲಿನ ವೀಸಾ ಇರಲಿಲ್ಲ. ಒಬ್ಬರು ಅದನ್ನು ನೈಜೀರಿಯಾಕ್ಕೆ ಒಯ್ದು ಇನ್ನೊಬ್ಬರ ಕೈಗಿತ್ತು, ಅವರು ಲಂಡನ್ನಿಗೆ ಹಾರಿದರು. ಅದರ ಆಧಾರದ ಮೇಲೆ ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಿಕೊಂಡರು. ಕರೆಂಟು ಹೋದದ್ದು ಅದೃಷ್ಟ. ಆದರೆ ಜಾಲದಿಂದ ಕಳಚಿಟ್ಟ ಒಂದು ಪ್ರತಿ ಇರಲಿ ಎಂದು ತೀರ್ಮಾನಿಸಲು ಅದೃಷ್ಟ ಬೇಕಿಲ್ಲ. ಅದು ಒಂದು ಸಂಜೆಯ ಕೆಲಸ.

ದೂರದ ಪ್ರತಿ ಮಾಡದೆ ಇರಲು ಕೊಡುವ ಕಾರಣಗಳಲ್ಲಿ ಅತಿ ವಿಚಿತ್ರವಾದದ್ದು ಕೊರಿಯಾದಿಂದ ಬಂದಿದೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಹೊತ್ತಿ 709 ಸೇವಾ ವ್ಯವಸ್ಥೆಗಳು ನಿಂತವು. ಅಲ್ಲಿದ್ದ ಜಿ-ಡ್ರೈವ್ ಎಂಬ ಸರ್ಕಾರಿ ನೌಕರರ ದಾಖಲೆ ಸಂಗ್ರಹದ 858 ಟೆರಾಬೈಟ್ ಪೂರ್ತಿ ನಾಶವಾಯಿತು. ಕಡತಗಳನ್ನು ಸ್ವಂತ ಕಂಪ್ಯೂಟರಿನಲ್ಲಿಡದೆ ಇಲ್ಲೇ ಇಡಿ ಎಂದು ನೌಕರರಿಗೆ ಹೇಳಿದ್ದರು, ಅವರು ಪಾಲಿಸಿದ್ದರು. ಹೊರಗಿನ ಬ್ಯಾಕಪ್ ಏಕಿರಲಿಲ್ಲವೆಂದರೆ, ಅದು ತೀರಾ ದೊಡ್ಡದು ಎಂಬುದೇ ಉತ್ತರ. ಎಷ್ಟು ಹೆಚ್ಚು ಜನ ನಂಬಿ ಇಟ್ಟರೋ ಅಷ್ಟು ದೊಡ್ಡದಾಯಿತು, ದೊಡ್ಡದಾದದ್ದರಿಂದಲೇ ಕಾವಲಿಲ್ಲವಾಯಿತು. ಹೊರಲಾಗದಷ್ಟು ಹೊರೆಯನ್ನು ವಹಿಸಿಕೊಳ್ಳುವ ಮೊದಲೇ ಒಲ್ಲೆ ಎನ್ನಬೇಕಿತ್ತು.

ಬ್ಯಾಕಪ್ ವಿದ್ಯೆ ಬಲ್ಲವರು ಪ್ರತಿ ಸಂಸ್ಥೆಯ ಮುಂದೆ ಎರಡು ಪ್ರಶ್ನೆ ಇಡುತ್ತಾರೆ. ಆರ್‌ಪಿಒ, ಆರ್‌ಟಿಒ ಎಂಬ ಹೆಸರಿನಲ್ಲಿ ಅವು ಒಣ ತಾಂತ್ರಿಕ ಪದಗಳಂತೆ ಕೇಳುತ್ತವೆ. ಬಿಡಿಸಿದರೆ ಹೀಗೆ: ಎಷ್ಟು ಹೊತ್ತಿನ ಲೆಕ್ಕ ಕಳೆದುಹೋದರೆ ತಾಳಬಲ್ಲಿರಿ? ಎಷ್ಟು ಹೊತ್ತು ಲೆಕ್ಕವಿಲ್ಲದೆ ಇರಬಲ್ಲಿರಿ? ಮನುಷ್ಯರು ತಮ್ಮ ಬದುಕಿನ ಬಗ್ಗೆಯೇ ಕೇಳಿಕೊಳ್ಳಲು ಅಂಜುವ ಪ್ರಶ್ನೆಗಳಿವು. ಇವಕ್ಕೆ ಉತ್ತರ ಕೊಡುವವರು ಯಾರು ಎಂಬುದರಲ್ಲಿ ನ್ಯಾಯ ಅಡಗಿದೆ. ದಿನಕ್ಕೊಮ್ಮೆ ರಾತ್ರಿ ಬ್ಯಾಕಪ್ ಸಾಕು, ಒಂದು ದಿನದ್ದು ಹೋದರೆ ಏನಂತೆ, ಎಂದು ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಹೇಳಬಹುದು. ಆದರೆ 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯವರು ಶುರುಮಾಡಿದ ಪಿಗ್ಮಿ ಠೇವಣಿಯನ್ನು ನೆನೆಯಿರಿ. ಮನೆ ಬಾಗಿಲಿಗೆ ಹೋಗಿ ಪುಡಿಗಾಸು ಕೂಡಿಸಿ ತರುವ ಆ ಪದ್ಧತಿ ಇಂದಿಗೂ ನಮ್ಮ ಸೊಸೈಟಿಗಳಲ್ಲಿ ನಡೆದಿದೆ. ಸೊಪ್ಪು ಮಾರುವಾಕೆ ಇವತ್ತು ಕೊಟ್ಟ 50 ರೂಪಾಯಿ ಆ ಒಂದು ದಿನದ ಲೆಕ್ಕದಲ್ಲಿದೆ. ಸೊಸೈಟಿಯ ಪಾಲಿಗೆ ಅದು ವರ್ಷದ 365ರಲ್ಲಿ ಒಂದು ದಿನ, ಆಕೆಗೆ ಬೆಳಗಿನ ಜಾವದಿಂದ ದುಡಿದ ದಿನ. ಏನಂತೆ ಎನ್ನುವ ಹಕ್ಕು ಅದನ್ನು ಕಳೆದುಕೊಳ್ಳುವವರಿಗೆ ಮಾತ್ರ ಇದೆ, ಕಾಯುವವರಿಗಿಲ್ಲ.

ಯೋಜನೆ ಇದ್ದೂ ಅದನ್ನು ಕೈಗೆತ್ತಿಕೊಳ್ಳಲು ಮನಸ್ಸು ಬರಬೇಕು. 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ತಾಂತ್ರಿಕ ತೊಂದರೆಯಿಂದ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಲ್ಲಿಸಿತು, ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ಬೇರೆ ನಗರದಲ್ಲಿ ಪರ್ಯಾಯ ಕೇಂದ್ರ ಸಿದ್ಧವಿದ್ದರೂ ಅಲ್ಲಿಗೆ ಬದಲಾಗಲಿಲ್ಲ. ಇನ್ನೇನು ಸರಿಹೋಗುತ್ತದೆ ಎಂಬ ಆಸೆ ಮನುಷ್ಯ ಸಹಜ. ರೋಗಿಯ ಕಡೆಯವರಿಗೂ ಅದು ಇರುತ್ತದೆ, ಎಂಜಿನಿಯರ್‌ಗಳಿಗೂ. ಇದು ವಿಪತ್ತು ಎಂದು ಬಾಯಿಬಿಟ್ಟು ಹೇಳುವುದು ಸೋಲೊಪ್ಪಿದಂತೆ ಅನಿಸುತ್ತದೆ. ಷೇರುಪೇಟೆಯ ನಿಯಂತ್ರಕ ಸೆಬಿ ಮುಂದೆ ಆ ಆಸೆಗೇ ಗಡುವು ಹಾಕಿತು. ಅಡಚಣೆಯಾದ 30 ನಿಮಿಷದೊಳಗೆ ವಿಪತ್ತು ಎಂದು ಘೋಷಿಸಬೇಕು, ಘೋಷಿಸಿದ 45 ನಿಮಿಷದೊಳಗೆ ವಹಿವಾಟು ಮರಳಬೇಕು. 2024ರ ಮಾರ್ಚ್ 2ರ ಶನಿವಾರ ಅದೇ ವಿನಿಮಯ ಕೇಂದ್ರದವರು ವಿಶೇಷ ಅಧಿವೇಶನ ಏರ್ಪಡಿಸಿ, ಏನೂ ಕೆಡದೆಯೇ ಪರ್ಯಾಯ ಕೇಂದ್ರದಿಂದ ನಿಜವಾದ ವಹಿವಾಟು ನಡೆಸಿ ನೋಡಿದರು. ನನ್ನ ಮಟ್ಟಿಗೆ ಆ ಶನಿವಾರದ ಅಭ್ಯಾಸ ಎಷ್ಟೋ ಸುತ್ತೋಲೆಗಳಿಗಿಂತ ದೊಡ್ಡದು.

ವ್ಯವಸ್ಥೆ ನಿಂತು ಮರಳುವವರೆಗಿನ, ಲೆಕ್ಕವಿಲ್ಲದ ನಡುವಿನ ದಿನಗಳನ್ನು ದಾಟಿಸುವವರು ಮನುಷ್ಯರೇ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿಯಾದಾಗ ಸುಮಾರು ಎರಡು ವಾರ ರೋಗಿಗಳ ನೋಂದಣಿ, ರಕ್ತಪರೀಕ್ಷೆಯ ವರದಿ, ಬಿಲ್ಲು ಎಲ್ಲ ಕೈಬರಹದಲ್ಲಿ ನಡೆಯಿತು. ಸೋಂಕು ತಗಲದ ಒಂದು ಬ್ಯಾಕಪ್ ಸರ್ವರ್‌ನಿಂದ ಇ-ಹಾಸ್ಪಿಟಲ್ ಎಂಬ ಆಸ್ಪತ್ರೆಯ ದಾಖಲೆ ವ್ಯವಸ್ಥೆಯ ಮಾಹಿತಿಯನ್ನೆಲ್ಲ ಮರಳಿ ಪಡೆದೆವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಆ ಸರ್ವರ್ ಉಳಿಯದಿದ್ದರೆ ಎಂದು ಯೋಚಿಸಿದರೆ ಎದೆ ಭಾರವಾಗುತ್ತದೆ. ದೂರದ ರಾಜ್ಯಗಳಿಂದ ರೈಲು ಹತ್ತಿ ಬಂದವರ ಕಾಯಿಲೆಯ ಚರಿತ್ರೆ ಅದರಲ್ಲಿತ್ತು, ಅವರ ಕೈಯಲ್ಲಿ ಚೀಟಿಯ ಹೊರತು ಇನ್ನೊಂದು ಪ್ರತಿ ಇರಲಿಲ್ಲ.

ನಮ್ಮ ಕಾನೂನೂ ನಿಧಾನವಾಗಿ ಇಲ್ಲಿಗೆ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಮಾಹಿತಿ ಸೋರಿದರೆ ಮಾತ್ರವಲ್ಲ, ನಾಶವಾದರೂ, ಸಿಗದಂತಾದರೂ ಅದನ್ನು ಉಲ್ಲಂಘನೆ ಎಂದೇ ಎಣಿಸುತ್ತದೆ. ತಕ್ಕ ರಕ್ಷಣೆ ಮಾಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ. ಕಳೆದುಹೋಯಿತು, ಏನು ಮಾಡೋಣ ಎಂಬ ಮಾತು ಇನ್ನು ಉತ್ತರವಾಗದು.

ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ನಮ್ಮ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳು ನಡೆಯುತ್ತವೆ. ಲಾಭಾಂಶ ಎಷ್ಟು ಎಂದು ಕೇಳುತ್ತೀರಿ, ಕೇಳಲೇಬೇಕು. ಈ ಸಲ ಇನ್ನೆರಡು ಪ್ರಶ್ನೆ ಕೇಳಿ. ನಮ್ಮ ಲೆಕ್ಕವನ್ನು ಬ್ಯಾಕಪ್‌ನಿಂದ ಬೇರೊಂದು ಕಂಪ್ಯೂಟರಿಗೆ ಮರಳಿ ಏರಿಸಿ ನೋಡಿದ್ದು ಯಾವ ದಿನ, ಅದಕ್ಕೆ ಎಷ್ಟು ಗಂಟೆ ಹಿಡಿಯಿತು? ದಿನಾಂಕ ಬೇಕು, ಗಂಟೆ ಬೇಕು. ಬ್ಯಾಕಪ್ ಇದೆ ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮನೆಯಲ್ಲಿ ಪಾಸ್‌ಬುಕ್ ಇದ್ದರೆ ತಿಂಗಳಿಗೊಮ್ಮೆ ಒಯ್ದು ಸಾಲು ತುಂಬಿಸಿಕೊಂಡು ಬನ್ನಿ.